ಬೀಗರೊಡನೆ ಯಾವ ಚೀನೀ ನುಡಿ?

'ಚೀನೀ ಭಾಷೆ ಕಲಿಯುತ್ತಿದ್ದೇನೆ' ಎಂದು ಯಾರಾದರೂ ಹೇಳಿದರೆ ಕೇಳಿದವರು ಮೆಚ್ಚಿ ತಲೆದೂಗುವುದುಂಟು. ಯಾವ ಚೀನೀ ಭಾಷೆ ಎಂದು ಮರುಪ್ರಶ್ನೆ ಹಾಕುವವರು ವಿರಳ. ಪರದೇಶದವನೊಬ್ಬನು ನಮ್ಮೆದುರು ನಿಂತು 'ನಾನು ಇಂಡಿಯಾ ಭಾಷೆ ಕಲಿಯುತ್ತಿದ್ದೇನೆ' ಎಂದರೆ ನಮಗೆ ನಗೆ ಬರುವುದಿಲ್ಲವೆ? ಚೀನಾ ದೇಶದ ವಿಷಯದಲ್ಲಿ ನಾವಾಡುವ ಮಾತೂ ಬಹುಮಟ್ಟಿಗೆ ಅಂಥದೇ ಆಗಿದೆ. ಅಲ್ಲಿ ಬರೆಯುವ ಲಿಪಿ ಹೆಚ್ಚುಕಡಿಮೆ ಒಂದು. ಆಡುವ ನುಡಿಗಳು ಹಲವು. ಉತ್ತರದಲ್ಲಿಯೂ ನೈಋತ್ಯದಲ್ಲಿಯೂ ಹರಡಿಕೊಂಡಿರುವ ಮ್ಯಾಂಡರಿನ್, ಶಾಂಘಾಯಿಯ ಸುತ್ತಲಿನ ವೂ, ಫೂಜಿಯಾನ್ ಕರಾವಳಿಯ ಮಿನ್, ಹಲವು ಸೀಮೆಗಳಲ್ಲಿ ಚದುರಿರುವ ಹಕ್ಕಾ, ದಕ್ಷಿಣದ ಗ್ವಾಂಗ್‌ಡಾಂಗ್ ಸೀಮೆಯ ಕ್ಯಾಂಟನೀಸ್ ಇವೆಲ್ಲವೂ ಚೀನೀ ನುಡಿಗಳೇ. ಒಂದನ್ನು ಮಾತ್ರ ಬಲ್ಲವನಿಗೆ ಇನ್ನೊಂದು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ.

ಈ ವಿಷಯವನ್ನು ಈ ಸಲ ಎತ್ತಿಕೊಳ್ಳಲು ಓದುಗ ದಂಪತಿಗಳ ಪತ್ರವೇ ಕಾರಣ. ಅವರು ಧಾರವಾಡ ಸೀಮೆಯವರು. ಇಬ್ಬರೂ ನಿವೃತ್ತ ಶಿಕ್ಷಕರು. ಮಗ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ನೆಲೆಸಿದ್ದಾನೆ. ಸೊಸೆ ಹಾಂಗ್‌ಕಾಂಗಿನಿಂದ ಅಲ್ಲಿಗೆ ಹೋಗಿ ನೆಲೆಸಿದ ಮನೆತನದ ಹೆಣ್ಣುಮಗಳು. ಈಗ ಮೊಮ್ಮಗು ಹುಟ್ಟಿದೆ. ಬಾಣಂತನಕ್ಕೆಂದು ಸೊಸೆಯ ತಾಯಿ ಅಲ್ಲಿಯೇ ಇದ್ದಾರೆ; ಇವರೂ ಎರಡು ತಿಂಗಳ ಮಟ್ಟಿಗೆ ಹೊರಟಿದ್ದಾರೆ. 'ಮದುವೆಯಲ್ಲಿ ಮೂರು ದಿನ ನಾವೂ ಬೀಗತಿಯೂ ಎದುರುಬದುರು ಕುಳಿತು ಬರೀ ಕೈಮುಗಿದೆವು, ನಕ್ಕೆವು. ಅವರಿಗೆ ಇಂಗ್ಲಿಷ್ ಬಾರದು, ನಮ್ಮ ಮನೆಯಾಕೆಗೆ ಅದು ಅಷ್ಟಕ್ಕಷ್ಟೆ. ಇನ್ನು ಎರಡು ತಿಂಗಳು ಒಂದೇ ಅಡುಗೆಮನೆಯಲ್ಲಿ ಮೂಕರಂತೆ ಇರುವುದು ಹೇಗೆ? ನಾಲ್ಕು ಮಾತು ಕಲಿತು ಹೋಗೋಣವೆಂದರೆ, ಮಗನ ಗೆಳೆಯನೊಬ್ಬನು ಮ್ಯಾಂಡರಿನ್ ಪುಸ್ತಕ ತಂದುಕೊಟ್ಟು, ಇದೇ ನಿಜವಾದ ಚೀನೀ ಭಾಷೆ, ಕ್ಯಾಂಟನೀಸ್ ಎಂಬುದು ಬರೀ ಹಳ್ಳಿಯ ಮಾತು ಎನ್ನುತ್ತಾನೆ. ಸೊಸೆಯನ್ನು ಕೇಳಿದರೆ, ಅಮ್ಮನಿಗೆ ಮ್ಯಾಂಡರಿನ್ ಬಾರದು ಎಂದಳು. ಯಾವುದನ್ನು ಕಲಿಯಲಿ?' ಎಂದು ಪತ್ರದಲ್ಲಿದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಕ್ಯಾಂಟನೀಸ್ ಕಲಿಯಿರಿ. ಆ ಪುಸ್ತಕವನ್ನು ಬೇರೆ ಯಾರಿಗಾದರೂ ಕೊಡಿರಿ. ಅದು ಒಳ್ಳೆಯ ಪುಸ್ತಕವೇ ಇರಬಹುದು, ನಿಮ್ಮ ಕೆಲಸದ್ದಲ್ಲ.

ಮ್ಯಾಂಡರಿನ್ ಆಡುವವರು ತೊಂಬತ್ತು ಕೋಟಿಗೂ ಹೆಚ್ಚು, ಕ್ಯಾಂಟನೀಸ್ ಬಳಗದ ನುಡಿ ಆಡುವವರು ಸುಮಾರು ಎಂಟು ಕೋಟಿ ಎಂಬುದು ನಿಜ. ಎಂಟು ಕೋಟಿ ಎಂದರೆ ಕನ್ನಡಿಗರ ಸಂಖ್ಯೆಗಿಂತ ಹೆಚ್ಚು ಎಂಬುದನ್ನು ಗೆಳೆಯನಿಗೆ ನೆನಪಿಸಬೇಕು. ಅದನ್ನು ಹಳ್ಳಿಯ ಮಾತು ಎನ್ನುವವನು ನಮ್ಮ ನುಡಿಯನ್ನು ಏನೆಂದಾನು? ಸಂಖ್ಯೆಯ ಮಾತು ಹಾಗಿರಲಿ. ತೊಂಬತ್ತು ಕೋಟಿ ಜನರೊಡನೆ ನೀವು ಮಾತಾಡಲು ಹೊರಟಿಲ್ಲ. ಒಬ್ಬ ಹೆಣ್ಣುಮಗಳೊಡನೆ ಮಾತಾಡಬೇಕಾಗಿದೆ. ನಾಲ್ಕು ಮಾತು ಕಲಿಯುವವನು ನೋಡಬೇಕಾದದ್ದು ಎದುರಿಗಿರುವವರ ಮುಖವನ್ನೇ ಹೊರತು ಜನಗಣತಿಯನ್ನಲ್ಲ.

ಇನ್ನು 'ನಿಜವಾದ ಚೀನೀ ಭಾಷೆ' ಎಂಬ ಮಾತನ್ನು ತುಸು ಪರಿಶೀಲಿಸೋಣ. ಮ್ಯಾಂಡರಿನ್ ಎಂಬ ಹೆಸರು ಚೀನಾದ್ದೇ ಅಲ್ಲ. ಸಂಸ್ಕೃತದ 'ಮಂತ್ರಿ' ಶಬ್ದ ಮಲಯ ದೇಶಕ್ಕೆ ಹೋಗಿ 'ಮೆಂತೆರಿ' ಆಯಿತು. ಅಲ್ಲಿ ಅದನ್ನು ಕೇಳಿದ ಪೋರ್ಚುಗೀಸರು ಚೀನೀ ಅಧಿಕಾರಿಗಳನ್ನು ಆ ಹೆಸರಿನಿಂದ ಕರೆದರು; ಅಧಿಕಾರಿಗಳು ಆಡುತ್ತಿದ್ದ ನುಡಿಗೂ ಅದೇ ಹೆಸರು ನಿಂತಿತು. ಚೀನೀಯರು ಸಹ ಅದನ್ನು ಹಿಂದೆ 'ಕ್ವಾನ್‌ಹುವಾ', ಅಂದರೆ ಅಧಿಕಾರಿಗಳ ಮಾತು ಎಂದೇ ಕರೆಯುತ್ತಿದ್ದರು. ಇಂದು ಅದರ ಶಿಷ್ಟರೂಪಕ್ಕೆ 'ಪುತೋಂಗ್‌ಹುವಾ', ಸಾಮಾನ್ಯ ನುಡಿ ಎಂದು ಹೆಸರು. ಬೀಜಿಂಗಿನ ಉಚ್ಚಾರಣೆಯನ್ನು ಆಧಾರವಾಗಿಟ್ಟುಕೊಂಡು 1950ರ ದಶಕದ ನಡುವೆ ಸರಕಾರವು ಅದನ್ನು ನಿರ್ದೇಶಿಸಿತು. ದೊಡ್ಡ ದೇಶಕ್ಕೆ ಅಂಥ ಒಂದು ನಡುನುಡಿ ಬೇಕೇ ಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಡುನುಡಿಯಾದ ಮಾತ್ರಕ್ಕೆ ಅದು ತಾಯಿ, ಉಳಿದವು ಅದರಿಂದ ಕೆಟ್ಟುಹೋದ ರೂಪಗಳು ಎಂದು ತಿಳಿಯಬಾರದು. ಎರಡೂ ಒಂದೇ ಹಳೆಯ ಬೇರಿನಿಂದ ಬಂದ ಸಹೋದರಿಯರು. ಕೆಲವು ಸಂಗತಿಗಳಲ್ಲಿ ಕ್ಯಾಂಟನೀಸೇ ಹಳೆಯದನ್ನು ಹೆಚ್ಚು ಕಾಪಾಡಿಕೊಂಡಿದೆ.

ನಮ್ಮಂಥ ವ್ಯಾಕರಣದ ಅಭ್ಯಾಸಿಗಳಿಗೆ ರುಚಿಸುವ ವಿಷಯವಿದು. ಓದುಗರು ತುಸು ತಾಳ್ಮೆ ವಹಿಸಬೇಕು. ಹಳೆಯ ಚೀನೀ ನುಡಿಯಲ್ಲಿ ಪದಗಳ ಕೊನೆಗೆ ಪ್, ತ್, ಕ್ ಎಂಬ ವ್ಯಂಜನಗಳು ಬರುತ್ತಿದ್ದವು. ಮ್ಯಾಂಡರಿನ್ ಅವನ್ನು ಕಳೆದುಕೊಂಡಿತು, ಕ್ಯಾಂಟನೀಸ್ ಉಳಿಸಿಕೊಂಡಿತು. ಒಂದು ಎಂಬುದಕ್ಕೆ ಮ್ಯಾಂಡರಿನ್ನಿನಲ್ಲಿ 'ಈ', ಕ್ಯಾಂಟನೀಸಿನಲ್ಲಿ 'ಯತ್'. ಹತ್ತಕ್ಕೆ ಅಲ್ಲಿ 'ಶಿ', ಇಲ್ಲಿ 'ಸಪ್'. ಬುದ್ಧನ ಹೆಸರನ್ನು ಅವರು ಒಂದೇ ಅಕ್ಷರದಲ್ಲಿ ಬರೆಯುತ್ತಾರೆ. ಅದನ್ನು ಮ್ಯಾಂಡರಿನ್ನಿನವರು 'ಫೊ' ಎಂದು ಓದಿದರೆ ಕ್ಯಾಂಟನೀಸಿನವರು 'ಫತ್' ಎಂದು ಓದುತ್ತಾರೆ. 'ಬುದ್ಧ' ಎಂಬಲ್ಲಿಯ ದಕಾರದ ಗುರುತು ಆ ತಕಾರದಲ್ಲಿ ಇನ್ನೂ ಉಳಿದಿದೆ. ತಾಂಗ್ ಕಾಲದ ಕವಿತೆಗಳ ಪ್ರಾಸವೂ ಎಷ್ಟೋ ಕಡೆ ಮ್ಯಾಂಡರಿನ್ನಿಗಿಂತ ಕ್ಯಾಂಟನೀಸಿನಲ್ಲಿ ಓದಿದಾಗ ಚೆನ್ನಾಗಿ ಕೂಡುತ್ತದೆಂದು ಬಲ್ಲವರು ಹೇಳುತ್ತಾರೆ.

ನಮ್ಮ ನಾಡಿಗೇ ಸಂಬಂಧಿಸಿದ ಒಂದು ಉದಾಹರಣೆಯುಂಟು. 7ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ಹೆಸರನ್ನು ನಾಲ್ಕು ಚೀನೀ ಅಕ್ಷರಗಳಲ್ಲಿ ಬರೆದಿಟ್ಟಿದ್ದಾನೆ. ಇಂದಿನ ಮ್ಯಾಂಡರಿನ್ನಿನಲ್ಲಿ ಅವುಗಳನ್ನು ಓದಿದರೆ 'ಪು-ಲುವೊ-ಚಿ-ಶೆ' ಎಂದಾಗುತ್ತದೆ. ಕ್ಯಾಂಟನೀಸಿನಲ್ಲಿ ಓದಿದರೆ 'ಪೋ-ಲೊ-ಕೈ-ಸೆ'. ಪುಲಕೇಶಿಯ ಕಕಾರ ಎಲ್ಲಿ ಉಳಿಯಿತು ನೋಡಿರಿ! ಉತ್ತರದ ನುಡಿಯಲ್ಲಿ ಇ-ಕಾರದಂಥ ಸ್ವರಗಳ ಮುಂದೆ ಕ ಹೋಗಿ ಚ ಬಂದಿದೆ. ಇದು ನಮಗೆ ಅಪರಿಚಿತವಾದ ನಡೆಯೇನೂ ಅಲ್ಲ. ಕನ್ನಡದ 'ಕಿವಿ' ತೆಲುಗಿನಲ್ಲಿ 'ಚೆವಿ', ನಮ್ಮ 'ಕೆರೆ' ಅವರ 'ಚೆರುವು'. ಕನ್ನಡವು ಉಳಿಸಿಕೊಂಡ ಹಳೆಯ ಕಕಾರವನ್ನು ನೆರೆಯ ನುಡಿ ಚಕಾರ ಮಾಡಿಕೊಂಡಂತೆಯೇ ಇದು. ಹಾಗೆಂದು ತೆಲುಗನ್ನು ಯಾರೂ ಕೆಟ್ಟ ಕನ್ನಡ ಎನ್ನುವುದಿಲ್ಲವಲ್ಲ. ಕನ್ನಡ, ತೆಲುಗುಗಳ ಹೋಲಿಕೆಯನ್ನೇ ಇಟ್ಟುಕೊಂಡರೆ ಇವೆರಡರ ನಂಟು ಸುಮಾರಾಗಿ ತಿಳಿಯುತ್ತದೆ. ಬರೆಹದಲ್ಲಿ ಹತ್ತಿರ, ಗ್ರಂಥಸ್ಥ ಶಬ್ದಗಳಲ್ಲಿ ಹತ್ತಿರ, ಮನೆಯ ಮಾತಿಗೆ ಬಂದರೆ ಬೇರೆ.

ಬರೆಹವೂ ಪೂರ್ತಿಯಾಗಿ ಒಂದಲ್ಲವೆನ್ನಿ. ಚೀನಾದ ಮುಖ್ಯಭೂಮಿಯಲ್ಲಿ 1956ರಿಂದ ಗೆರೆಗಳನ್ನು ಕಡಿಮೆ ಮಾಡಿದ ಸರಳ ಅಕ್ಷರಗಳು ಬಳಕೆಗೆ ಬಂದವು. ಹಾಂಗ್‌ಕಾಂಗ್, ಮಕಾವ್, ತೈವಾನ್‌ಗಳಲ್ಲಿ ಹಳೆಯ ರೂಪಗಳೇ ನಡೆಯುತ್ತಿವೆ. ಕ್ಯಾಂಟನೀಸ್ ಮನೆಮಾತಿಗೆಂದೇ ಹುಟ್ಟಿದ ಅಕ್ಷರಗಳೂ ಇವೆ. 'ಇದೆ' ಎಂಬ ಅಕ್ಷರದ ಹೊಟ್ಟೆಯೊಳಗಿನ ಎರಡು ಗೆರೆಗಳನ್ನು ತೆಗೆದುಬಿಟ್ಟರೆ ಅದು 'ಮೋ', ಅಂದರೆ 'ಇಲ್ಲ' ಎಂದಾಗುತ್ತದೆ. ಮಡಕೆ ಬರಿದಾಯಿತೆಂದು ಚಿತ್ರ ಬರೆದಂತೆ! ನಾಲ್ಕು ಮಾತು ಕಲಿಯುವವರಿಗೆ ಲಿಪಿಯ ಗೊಡವೆ ಬೇಡ, ಕಿವಿಯೇ ಸಾಕು.

ಎಲ್ಲರೂ ಕ್ಯಾಂಟನೀಸನ್ನೇ ಕಲಿಯಬೇಕೆಂದು ನಾವು ಹೇಳುತ್ತಿಲ್ಲ. ನಮ್ಮ ಕಡೆಯಿಂದ ವೈದ್ಯಕೀಯ ಓದಲು ಚೀನಾಕ್ಕೆ ಹೋದ ಮಕ್ಕಳು ಹಲವರಿದ್ದಾರೆ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಆಸ್ಪತ್ರೆಯ ರೋಗಿ ಇಂಗ್ಲಿಷಿನಲ್ಲಿ ನರಳುವುದಿಲ್ಲ. ಅವರಿಗೆ ಪುತೋಂಗ್‌ಹುವಾ ಬೇಕು; ಪರದೇಶೀಯರಿಗಾಗಿ ನಡೆಸುವ ಎಚ್.ಎಸ್.ಕೆ. ಪರೀಕ್ಷೆಯೂ ಅದರದೇ. ತೈವಾನಿಗೆ ಹೋಗುವವರಿಗೂ ಬೀಜಿಂಗಿಗೆ ಹೋಗುವವರಿಗೂ ಅದೇ ಸರಿ. ಶೆನ್‌ಜೆನ್ ನಗರದ ವಿಷಯದಲ್ಲಿ ಮಾತ್ರ ನಕ್ಷೆ ನೋಡಿ ಮೋಸಹೋಗಬಾರದು. ಅದು ಹಾಂಗ್‌ಕಾಂಗಿನ ಗಡಿಗೆ ಅಂಟಿಕೊಂಡಿದೆ, ಕ್ಯಾಂಟನೀಸ್ ಸೀಮೆಯಾದ ಗ್ವಾಂಗ್‌ಡಾಂಗ್ ಪ್ರಾಂತಕ್ಕೆ ಸೇರಿದೆ. ಆದರೂ 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಮೇಲೆ ದೇಶದ ಮೂಲೆಮೂಲೆಯಿಂದ ಜನ ಬಂದು ತುಂಬಿಕೊಂಡದ್ದರಿಂದ ಬೀದಿಯಲ್ಲಿ ಮ್ಯಾಂಡರಿನ್ನೇ ಹೆಚ್ಚು. 1957ರಿಂದ ವರ್ಷಕ್ಕೆರಡು ಸಲ ಗ್ವಾಂಗ್‌ಜೌದಲ್ಲಿ ಕೂಡುವ ಕ್ಯಾಂಟನ್ ಮೇಳಕ್ಕೆ ಹೋಗುವ ವ್ಯಾಪಾರಿಗಳಿಗೂ ಮ್ಯಾಂಡರಿನ್ನಿನಿಂದಲೇ ಕೆಲಸ ಆದೀತು, ಏಕೆಂದರೆ ಅಂಗಡಿ ಹೂಡುವವರು ಎಲ್ಲ ಪ್ರಾಂತಗಳಿಂದಲೂ ಬಂದಿರುತ್ತಾರೆ. ಹಾಂಗ್‌ಕಾಂಗ್ ಹಾಗಲ್ಲ. 2021ರ ಜನಗಣತಿಯಂತೆ ಅಲ್ಲಿ ಶೇಕಡಾ 88ರಷ್ಟು ಜನರ ನಿತ್ಯದ ನುಡಿ ಕ್ಯಾಂಟನೀಸ್. ಮಕಾವ್ ಕೂಡ ಕ್ಯಾಂಟನೀಸಿನ ಊರೇ. ಮಲೇಷಿಯಾದಲ್ಲಿ ಕ್ವಾಲಾಲಂಪುರದ ಚೀನೀ ಅಂಗಡಿಗಳಲ್ಲಿ ಕ್ಯಾಂಟನೀಸ್ ನಡೆಯುತ್ತದೆ. ಅದೇ ದೇಶದ ಪೆನಾಂಗಿಗೆ ಹೋದರೆ ಹೊಕ್ಕಿಯೆನ್ ಎಂಬ ಮೂರನೆಯದು! ಕೆನಡಾ, ಅಮೆರಿಕಗಳಲ್ಲಿ ಹಳೆಯ ಚೀನೀ ಕೇರಿಗಳನ್ನು ಕಟ್ಟಿದವರು ಗ್ವಾಂಗ್‌ಡಾಂಗ್ ಕಡೆಯವರು. 1997ರ ಜುಲೈ 1ರಂದು ಹಾಂಗ್‌ಕಾಂಗ್ ಚೀನಾಕ್ಕೆ ಮರಳುವ ಮುನ್ನ ಅಲ್ಲಿಂದ ಅನೇಕ ಕುಟುಂಬಗಳು ಟೊರಾಂಟೊ, ವ್ಯಾಂಕೂವರ್‌ಗಳಿಗೆ ಹೋದವು. ಈಚೆಗೆ ಆ ಊರುಗಳಲ್ಲಿ ಮ್ಯಾಂಡರಿನ್ ಆಡುವವರೂ ಬಹಳ. ಹಾಗಾಗಿ ಊರಿನ ಹೆಸರೊಂದೇ ಸಾಲದು, ಮನೆತನವನ್ನು ಕೇಳಬೇಕು.

ದೊಡ್ಡ ನುಡಿಯನ್ನು ಕಲಿತರೆ ಸಾಕು, ಚಿಕ್ಕದು ತಾನಾಗಿ ಬಿಟ್ಟುಹೋಗಲಿ ಎಂಬ ವಾದವನ್ನು ಸರಕಾರಗಳೇ ನಡೆಸಿನೋಡಿವೆ. ಸಿಂಗಪುರದಲ್ಲಿ 1979ರಲ್ಲಿ ಅಂದಿನ ಪ್ರಧಾನಿ ಲೀ ಕ್ವಾನ್ ಯೂ ಅವರು ಮ್ಯಾಂಡರಿನ್ ಆಡಬೇಕೆಂಬ ಚಳವಳಿಯನ್ನು ಆರಂಭಿಸಿದರು. ಆಗ ಅಲ್ಲಿಯ ಚೀನೀ ಮನೆಗಳಲ್ಲಿ ಬಹುಪಾಲು ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್ ನುಡಿಗಳಿದ್ದವು. ರೇಡಿಯೋ, ದೂರದರ್ಶನಗಳಿಂದ ಅವು ಕ್ರಮೇಣ ಮರೆಯಾದವು. ಉದ್ದೇಶ ಸಾಧಿಸಿತು, ಮಕ್ಕಳು ಮ್ಯಾಂಡರಿನ್ ಕಲಿತರು. ಎಷ್ಟೋ ಮನೆಗಳಲ್ಲಿ ಅಜ್ಜಿ ಹೇಳಿದ್ದು ಮೊಮ್ಮಗನಿಗೆ ತಿಳಿಯದೆ, ಮೊಮ್ಮಗ ಕೇಳಿದ್ದು ಅಜ್ಜಿಗೆ ತಿಳಿಯದೆ ನಡುವೆ ತಾಯಿ ದುಭಾಷಿಯಾಗಿ ನಿಲ್ಲಬೇಕಾಯಿತು. ಗ್ವಾಂಗ್‌ಜೌ ನಗರದಲ್ಲಿ 2010ರಲ್ಲಿ, ಏಷ್ಯಾ ಕ್ರೀಡಾಕೂಟ ನಡೆಯುವ ಮುನ್ನ, ಸ್ಥಳೀಯ ದೂರದರ್ಶನದ ಮುಖ್ಯ ಕಾರ್ಯಕ್ರಮಗಳನ್ನು ಕ್ಯಾಂಟನೀಸಿನಿಂದ ಮ್ಯಾಂಡರಿನ್ನಿಗೆ ಬದಲಿಸಬೇಕೆಂಬ ಸಲಹೆ ಬಂದಾಗ, ಜುಲೈ ತಿಂಗಳಲ್ಲಿ ಜನ ಬೀದಿಗಿಳಿದು ಪ್ರತಿಭಟಿಸಿದರು. ಆ ದೇಶದಲ್ಲಿ ಅದು ಸಾಮಾನ್ಯ ಸಂಗತಿಯಲ್ಲ. ಆ ಜನ ಮ್ಯಾಂಡರಿನ್ ಬೇಡವೆಂದವರಲ್ಲ; ಹೆಚ್ಚಿನವರು ಅದನ್ನು ಬಲ್ಲವರೇ. ಮನೆಯ ಮಾತು ಮನೆಯಿಂದ ಹೊರಬೀಳುವುದು ಅವರಿಗೆ ಬೇಡವಾಗಿತ್ತು. ನಮ್ಮ ಮನಸ್ಸು ಅವರ ಕಡೆಗೇ ವಾಲುತ್ತದೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಆದುದರಿಂದ ದಂಪತಿಗಳಿಗೆ ಬೇಕಾದ ಮಾತುಗಳಿಗೆ ಬರೋಣ. ಹಾಂಗ್‌ಕಾಂಗಿನಲ್ಲಿ ಹತ್ತಾರು ವರ್ಷ ಇದ್ದು ಬಂದ ನಮ್ಮ ಶಿಷ್ಯರೊಬ್ಬರ ಬಾಯಿಂದ ಕೇಳಿ ಇವುಗಳನ್ನು ಬರೆದುಕೊಂಡಿದ್ದೇವೆ.

ಮೊದಲು ಸಂಬಂಧದ ಹೆಸರುಗಳು. ನಮ್ಮಂತೆಯೇ ಅವರಲ್ಲಿಯೂ ತಂದೆಯ ಕಡೆ, ತಾಯಿಯ ಕಡೆ ಎಂಬ ಭೇದವುಂಟು. ಮಗು ತಾಯಿಯ ತಾಯಿಯನ್ನು 'ಪ್ಹೊ ಪ್ಹೊ' ಎಂದು ಕರೆಯುತ್ತದೆ. ತಂದೆಯ ತಂದೆ 'ಯೆ ಯೆ', ತಂದೆಯ ತಾಯಿ 'ಮಾ ಮಾ'. ನಮ್ಮ ಕಿವಿಗೆ ಇದು ಸೋದರಮಾವನನ್ನು ಕೂಗಿದಂತಿದ್ದರೂ ಅಲ್ಲಿ ಅಜ್ಜಿಯೇ ಓಗೊಡಬೇಕು! ಮ್ಯಾಂಡರಿನ್ನಿನಲ್ಲಿ ಅದೇ ಅಜ್ಜಿ 'ನಾಯ್ ನಾಯ್' ಆಗುತ್ತಾಳೆ. ಬೀಗತನಕ್ಕೂ ಅವರಲ್ಲಿ ಶಬ್ದವಿದೆ, 'ಛನ್ ಕಾ'. ಮ್ಯಾಂಡರಿನ್ನಿನಲ್ಲಿ ಅದು 'ಛಿಂಗ್ ಚ್ಯಾ'. ಇಲ್ಲಿಯೂ ಕಕಾರ ಚಕಾರಗಳ ಅದೇ ಆಟ. ಇಂಗ್ಲಿಷಿನಲ್ಲಿ ಬೀಗರಿಗೆ ಒಂದು ನೇರವಾದ ಪದವಿಲ್ಲ. ಕನ್ನಡಕ್ಕೂ ಕ್ಯಾಂಟನೀಸಿಗೂ ಇದೆ ಎಂಬುದು ನಮಗೆ ಸಂತೋಷದ ವಿಷಯ.

ಭೇಟಿಯಾದಾಗ 'ನೇಯ್ ಹೋ' ಎನ್ನಬಹುದು. ಮುಂಜಾನೆ ಅಡುಗೆಮನೆಯಲ್ಲಿ ಕಂಡಾಗ 'ಚೋ ಸನ್'. ಇವೆರಡಕ್ಕಿಂತ ಆಪ್ತವಾದದ್ದು ನಮ್ಮ ಹಳ್ಳಿಗಳ 'ಊಟ ಆತೇನು?' ಎಂಬ ಮಾತೇ. ಅದು ಅಲ್ಲಿಯೂ ಹಾಗೆಯೇ ಕುಶಲಪ್ರಶ್ನೆಯಾಗಿದೆ. ಕ್ಯಾಂಟನೀಸಿನಲ್ಲಿ 'ಸಿಕ್ ಚೊ ಫಾನ್ ಮೇಯ್ ಆ?' ಎಂದರೆ 'ಅನ್ನ ಉಂಡಿರಾ, ಇನ್ನೂ ಇಲ್ಲವಾ?' ಎಂದು. ಮ್ಯಾಂಡರಿನ್ನಿನವರು 'ಛಿ ಫಾನ್ ಲ ಮಾ?' ಎನ್ನುತ್ತಾರೆ. ಅನ್ನಕ್ಕೆ ಎರಡರಲ್ಲಿಯೂ 'ಫಾನ್'. ಉಣ್ಣುವ ಕ್ರಿಯೆಗೆ ಮಾತ್ರ ಬೇರೆ ಬೇರೆ ಶಬ್ದ.

ಕೃತಜ್ಞತೆಯಲ್ಲಿ ಎಚ್ಚರ ಬೇಕು. ಮ್ಯಾಂಡರಿನ್ನಿನಲ್ಲಿ 'ಶ್ಯೆ ಶ್ಯೆ' ಒಂದೇ ಎಲ್ಲಕ್ಕೂ ಸಾಕು. ಕ್ಯಾಂಟನೀಸಿನಲ್ಲಿ ಎರಡಿವೆ. ಯಾರಾದರೂ ನೀರು ತಂದುಕೊಟ್ಟರೆ, ಬಾಗಿಲು ಹಿಡಿದರೆ 'ಮ್ ಕೋಯ್'. ದಯವಿಟ್ಟು ಎಂದು ಕೇಳುವುದಕ್ಕೂ ಅದೇ. ಉಡುಗೊರೆ ಕೊಟ್ಟರೆ 'ತೊ ಚೆ' ಎನ್ನಬೇಕು. ಬೀಗತಿ ಕೈಗೆ ಸೀರೆಯನ್ನೋ ಬಟ್ಟಲನ್ನೋ ಇಟ್ಟಾಗ 'ಮ್ ಕೋಯ್' ಎಂದರೆ ಅನಾಹುತವೇನೂ ಇಲ್ಲ, ಆದರೆ 'ತೊ ಚೆ' ಎಂದರೆ ಅವರ ಮುಖ ಅರಳುತ್ತದೆ.

ನಮ್ಮ ಮನೆಗಳವರಿಗೆ ಅತ್ಯಗತ್ಯವಾದದ್ದು ಇನ್ನೊಂದು, 'ಙೊ ಸಿಕ್ ಚಾಯ್', ಅಂದರೆ 'ನಾನು ಸಸ್ಯಾಹಾರಿ'. ಬಾಲ್ಯದಲ್ಲಿ ವರ್ಣಮಾಲೆಯಲ್ಲಿ ಹೇಳಿದ ಙಕಾರಕ್ಕೆ ಪದದ ಮೊದಲಿಗೆ ನಿಲ್ಲುವ ಯೋಗ ಕನ್ನಡದಲ್ಲಿ ಬರಲಿಲ್ಲ. ಕ್ಯಾಂಟನೀಸಿನಲ್ಲಿ 'ನಾನು' ಎಂಬುದೇ ಅದರಿಂದ ಮೊದಲಾಗುತ್ತದೆ. ಮ್ಯಾಂಡರಿನ್ನಿನಲ್ಲಿ ಇದೇ ಮಾತು 'ವೊ ಛಿ ಸು'. ಇಲ್ಲಿ ಶಬ್ದಗಳೇ ಬದಲು. ಒಂದನ್ನು ಕಲಿತು ಇನ್ನೊಂದು ಊಹೆಯಿಂದ ಬಂದೀತೆಂಬ ಭರವಸೆ ಬೇಡ. 'ಚಾಯ್' ಎಂಬುದು ಬೌದ್ಧರ ವ್ರತದ ಊಟದ ಹೆಸರು. ಚಾಂದ್ರಮಾಸದ ಒಂದನೆಯ ಮತ್ತು ಹದಿನೈದನೆಯ ದಿನ ಹಾಗೆ ಉಣ್ಣುವ ಹಿರಿಯರು ಅವರಲ್ಲಿ ಅನೇಕರಿರುವುದರಿಂದ ಆ ಮಾತಿನ ಭಾವ ಥಟ್ಟನೆ ತಿಳಿಯುತ್ತದೆ. ಆದರೂ ಕಾಯಿಪಲ್ಯಕ್ಕೆ ಕೋಳಿಯ ಸಾರನ್ನೋ 'ಹೋ ಯೌ' ಎಂಬ ಸಿಂಪಿಯ ರಸವನ್ನೋ ಸೇರಿಸುವುದು ಅವರ ಅಡುಗೆಯ ವಾಡಿಕೆ. 'ಹೋ ಯೌ' ಎಂಬುದನ್ನು ನೆನಪಿಟ್ಟುಕೊಂಡು, ಬಾಟಲಿಯನ್ನು ತೋರಿಸಿ ಕೈಯಾಡಿಸಿರಿ.

ಉಳಿದದ್ದು ದನಿಯ ಏರಿಳಿತ. ಮ್ಯಾಂಡರಿನ್ನಿನಲ್ಲಿ ನಾಲ್ಕು ದನಿಗಳು, ಕ್ಯಾಂಟನೀಸಿನಲ್ಲಿ ಆರು. 'ಸಿ' ಎಂಬ ಒಂದೇ ಉಚ್ಚಾರ ದನಿ ಬದಲಾದಂತೆ ಕವಿತೆ, ಇತಿಹಾಸ, ಪ್ರಯತ್ನ, ಕಾಲ, ಸಂತೆ, ಕೆಲಸ ಎಂದು ಆರು ಅರ್ಥ ಕೊಡುತ್ತದೆ. 'ಮಾ ಮಾ' ಎಂಬುದನ್ನು ಎರಡನೆಯ ಸಲ ತಗ್ಗಿಸಿ ಹೇಳಿದರೆ ಅಜ್ಜಿ, ಎತ್ತರಿಸಿ ಹೇಳಿದರೆ ತಾಯಿ. ಇದನ್ನು ಕೇಳಿ ಎದೆಗುಂದಬೇಕಾಗಿಲ್ಲ. ಉದಾತ್ತ, ಅನುದಾತ್ತ, ಸ್ವರಿತಗಳು ನಮ್ಮ ನೆಲದ್ದೇ ಸಂಗತಿ. ಸ್ವರ ತಪ್ಪಿದ್ದರಿಂದ 'ಇಂದ್ರಶತ್ರು' ಎಂಬ ಪದದ ಅರ್ಥವೇ ತಿರುಗಿ ವೃತ್ರನು ಅಳಿದ ಕಥೆಯನ್ನು ವ್ಯಾಕರಣದ ಪಾಠಶಾಲೆಯಲ್ಲಿ ಕೇಳದವರಿಲ್ಲ. ವೇದಪಾಠದ ಪುಸ್ತಕಗಳಲ್ಲಿ ಅಕ್ಷರದ ಮೇಲೆ ನಿಂತ ಗೆರೆ, ಕೆಳಗೆ ಮಲಗಿದ ಗೆರೆ ಹಾಕುತ್ತಾರಲ್ಲ, ಹಾಗೆಯೇ ಕನ್ನಡದಲ್ಲಿ ಮಾತನ್ನು ಬರೆದುಕೊಂಡು ಏರುವಲ್ಲಿ, ಇಳಿಯುವಲ್ಲಿ ಗುರುತು ಹಾಕಿಕೊಳ್ಳಿರಿ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಸ್ಪಷ್ಟವಾಗಿ ನುಡಿಯಿರಿ. 'ಚ' ಮತ್ತು 'ಛ'ಗಳ ಭೇದ ಅವರಿಗೆ ಬಹಳ ಮುಖ್ಯ, ಇಂಗ್ಲಿಷ್ ಅಕ್ಷರಗಳಿಗಿಂತ ನಮ್ಮ ಅಕ್ಷರಗಳು ಅದನ್ನು ಚೆನ್ನಾಗಿ ತೋರಿಸುತ್ತವೆ.

ಎರಡನ್ನೂ ಒಟ್ಟಿಗೆ ಹಿಡಿಯಬೇಡಿರಿ. ಎರಡು ತಿಂಗಳಲ್ಲಿ ಎರಡೂ ಕಲಸಿ ಯಾರಿಗೂ ತಿಳಿಯದ ಮೂರನೆಯದೊಂದು ಹುಟ್ಟುತ್ತದೆ. ಸೊಸೆಯಿಂದಲೇ ಈ ಹತ್ತು ಮಾತುಗಳನ್ನು ನಿಧಾನವಾಗಿ ಹೇಳಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿರಿ. ನಾವು ಮೇಲೆ ಬರೆದ ಉಚ್ಚಾರಣೆ ಸುಮಾರಿನದು, ಆಕೆಯದೇ ಪ್ರಮಾಣ. ದಿನವೂ ಸಂಜೆ ಊಟಕ್ಕೆ ಮುನ್ನ ಗಂಡ ಹೆಂಡತಿ ಒಬ್ಬರನ್ನೊಬ್ಬರು 'ಸಿಕ್ ಚೊ ಫಾನ್ ಮೇಯ್ ಆ?' ಎಂದು ಕೇಳಿಕೊಳ್ಳಿರಿ. ಉಂಡಾಗಿದ್ದರೆ 'ಸಿಕ್ ಚೊ ಲಾ' ಎಂದು ಉತ್ತರ. ಇನ್ನೂ ಇಲ್ಲವಾದರೆ 'ಮೇಯ್' ಎಂದಷ್ಟೇ ಸಾಕು, ತಟ್ಟೆ ತಾನಾಗಿ ಮುಂದೆ ಬರುತ್ತದೆ.